ಚೈನ್ ಫಳಫಳ ಹೊಳೀತಿದೆ ಅಂತ ನಂಬಬೇಡಿ: ಸರ್ವಿಸ್‌ನಲ್ಲಿ ನನ್ನ ಬೈಕ್ ಚೈನ್ ಹಾಳಾಗಿದ್ದು ಹೀಗೆ

ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಅಡ್ಡಾದಿಡ್ಡಿ ಇದ್ದರೆ ಸಹಿಸಿಕೊಳ್ಳಿ. ಬೈಕ್ ಸರ್ವಿಸ್‌ಗೆ ಬಿಡುವವರು ದಯವಿಟ್ಟು ಓದಿ. ಅದರಲ್ಲೂ ಬಿಲ್‌ನಲ್ಲಿ ‘ಚೈನ್ ಕ್ಲೀನಿಂಗ್, ಲ್ಯೂಬ್’ ಅನ್ನೋ ಸಾಲು ನೋಡಿ, ಸುಮ್ನೆ ದುಡ್ಡು ಕೊಟ್ಟು ಬರುವವರು ತಪ್ಪದೆ ಓದಿ. ಆ ಒಂದು ಸಾಲಿಗೆ ನಾನು ಪ್ರತಿ ಸರ್ವಿಸ್‌ನಲ್ಲೂ ಬೇರೆಯಾಗಿ ದುಡ್ಡು ಕೊಟ್ಟಿದ್ದೇನೆ. ಅದೇ ದುಡ್ಡಿನಲ್ಲಿ ಅವರು ನನ್ನ ಚೈನನ್ನು ಕೊಂದು ಹಾಕಿದರು. ಸವೆದು ಹೋಗಿದ್ದಲ್ಲ. ಕೊಂದಿದ್ದು.

ಸರ್ವಿಸ್ ಮುಗಿಸಿ ಬೈಕ್ ಕೈಗೆ ಕೊಟ್ಟಾಗ ಚೈನ್ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ‘ನೋಡಿ ಸರ್, ಹೊಸದರ ಥರ ಮಾಡಿದ್ದೀವಿ’ ಅಂದರು. ನಾನು ಥ್ಯಾಂಕ್ಸ್ ಕೂಡ ಹೇಳಿ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊದಲು ಕಂಡಿದ್ದು ಹಿಂದಿನ ಚಕ್ರದ ರಿಮ್ ತುಂಬ ಕಪ್ಪು ಚುಕ್ಕಿಗಳು. ನಂಬರ್ ಪ್ಲೇಟ್‌ವರೆಗೂ ಎಣ್ಣೆ ಹಾರಿತ್ತು. ಲ್ಯೂಬ್ ಹೊಡೆದ ಕೂಡಲೇ, ಅದು ಚೈನಿಗೆ ಹಿಡಿದುಕೊಳ್ಳುವ ಮೊದಲೇ ಓಡಿಸಿದರೆ ಹೀಗಾಗುತ್ತದೆ. ಅಂದರೆ ನಾನು ದುಡ್ಡು ಕೊಟ್ಟ ಲ್ಯೂಬ್ ಚೈನ್ ಮೇಲೆ ಇರಲಿಲ್ಲ, ರಿಮ್ ಮೇಲಿತ್ತು. ಆಮೇಲೆ ಕುಂಯ್ ಅನ್ನೋ ಸದ್ದು ಶುರುವಾಯಿತು. ನಿಧಾನಕ್ಕೆ ಹೋಗುವಾಗ ಬೈಕ್ ಸಣ್ಣಗೆ ಜಗ್ಗಿದ ಹಾಗೆ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದೆ. ಒಂದು ಕಡೆ ಚೈನ್ ಬಿಗಿ, ಇನ್ನೊಂದು ಕಡೆ ಸಡಿಲ. ಕೆಲವು ಲಿಂಕ್‌ಗಳು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ದಾಟಿ ಬಂದ ಮೇಲೂ ನೆಟ್ಟಗಾಗದೆ ಸೊಟ್ಟಗೇ ನಿಂತಿದ್ದವು. ಬಟ್ಟೆ ಹಿಡಿದು ಒಳಗಡೆ ಒರೆಸಿದೆ. ರೋಲರ್‌ಗಳ ನಡುವೆ ಹಳೇ ಮಣ್ಣು, ಹಳೇ ಗ್ರೀಸ್, ಎಲ್ಲಾ ಅಂಟಾಗಿ ಹಾಗೇ ಕೂತಿತ್ತು! ಹೊಳೆಯುತ್ತಿದ್ದದ್ದು ಹೊರಗಿನ ಪ್ಲೇಟ್ ಮಾತ್ರ.

ವಾಪಸ್ ಹೋದೆ. ಸೂಪರ್‌ವೈಸರ್ ಚೈನನ್ನು ಕಾಲಿನಿಂದ ಒಂದು ಸಲ ಒತ್ತಿ ನೋಡಿದ. ಕಾಲಿನಿಂದ! ‘ಸರ್, ಚೈನ್ ಹೋಗಿದೆ. ಚೈನ್ ಸ್ಪ್ರಾಕೆಟ್ ಸೆಟ್ ಹಾಕ್ಬೇಕು’ ಅಂದ.

‘ಮೊನ್ನೆ ತಾನೇ ನೀವೇ ಸರ್ವಿಸ್ ಮಾಡಿದ್ರಲ್ಲ, ಆಗ ಹೇಳಲಿಲ್ಲ?’

‘ಆಗ ಚೆನ್ನಾಗಿತ್ತು ಸರ್.’

ನನ್ನ ಬಾಯಿ ಕಟ್ಟಿ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿ ಬೇರೆ ಯಾರದೋ ಬೈಕ್‌ಗೆ ಅದೇ ‘ಚೈನ್ ಕ್ಲೀನಿಂಗ್’ ನಡೆಯುತ್ತಿತ್ತು. ನೋಡುತ್ತಾ ನಿಂತೆ. ಕೆಲಸದ ಹುಡುಗ ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿಯಿಂದ ಚೈನ್ ಮೇಲೆ ಏನೋ ಸುರಿಯುತ್ತಿದ್ದ. ವಾಸನೆ ಬಂದ ಕೂಡಲೇ ಗೊತ್ತಾಯಿತು, ಪೆಟ್ರೋಲ್. ಇನ್ನೊಂದು ಕೈಯಲ್ಲಿ ತಂತಿಯ ಬ್ರಷ್. ಇಂಜಿನ್ ಆನ್, ಬೈಕ್ ಗೇರ್‌ನಲ್ಲಿದೆ, ಚಕ್ರ ತಾನಾಗಿ ತಿರುಗುತ್ತಿದೆ. ಅವನು ಬ್ರಷ್ ಒತ್ತಿ ಹಿಡಿದಿದ್ದಾನೆ, ಹೊರಗಿನ ಪ್ಲೇಟ್ ಮೇಲೆ ಮಾತ್ರ. ಆಮೇಲೆ ಕಂಪ್ರೆಸರ್ ಗಾಳಿ. ಆಮೇಲೆ ಅರೆ ಒದ್ದೆಯಾಗಿರುವಾಗಲೇ ಮೇಲಿನಿಂದ ಸ್ಪ್ರೇ. ಅಲ್ಲಿಗೆ ಮುಗಿಯಿತು.

‘ಎಲ್ಲಾ ಬೈಕಿಗೂ ಹೀಗೇನಾ ಮಾಡೋದು?’ ಅಂತ ಕೇಳಿದೆ. ‘ಹೂಂ ಅಣ್ಣ, ಹೀಗೆ ಮಾಡಿದ್ರೆ ಬೇಗ ಆಗುತ್ತೆ’ ಅಂದ. ಪಾಪ, ಸುಳ್ಳು ಹೇಳಲಿಲ್ಲ ಅವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ತಿರುಗುವ ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಬೆರಳು ಸಿಕ್ಕಿಕೊಂಡರೆ ತುಂಡಾಗಿ ಹೋಗುತ್ತದೆ. ಆ ಮಗುವಿಗೆ ಅದನ್ನೂ ಯಾರೂ ಹೇಳಿಕೊಟ್ಟಿಲ್ಲ.

ನಾನು ಪೂರ್ತಿ ಮೋಸಹೋಗಿದ್ದೇನೆ ಅಂತ ಗೊತ್ತಾಗಿದ್ದು ಆ ಬಾಟಲಿ ನೋಡಿದಾಗ. ಯಾಕೆ ಅಂತ ಹೇಳುತ್ತೇನೆ. ಈಗಿನ ಬಹಳಷ್ಟು ಬೈಕ್‌ಗಳಲ್ಲಿ ಇರುವುದು ಓ-ರಿಂಗ್ ಚೈನ್. ಪ್ರತಿ ಲಿಂಕ್‌ನಲ್ಲೂ ಒಳಗಿನ ಪ್ಲೇಟ್ ಮತ್ತು ಹೊರಗಿನ ಪ್ಲೇಟ್ ನಡುವೆ ಸಣ್ಣ ರಬ್ಬರ್ ಉಂಗುರ ಇರುತ್ತದೆ. ಲಿಂಕ್‌ಗಳನ್ನು ಜೋಡಿಸುವ ಪಿನ್ ಮತ್ತು ಅದರ ಸುತ್ತಲಿನ ಕೊಳವೆಯಂಥ ಬುಷ್ ನಡುವೆ ಕಾರ್ಖಾನೆಯಲ್ಲೇ ತುಂಬಿದ ಗ್ರೀಸ್ ಹೊರಗೆ ಹೋಗದಂತೆ, ಮಣ್ಣು ನೀರು ಒಳಗೆ ಬರದಂತೆ ತಡೆಯುವುದು ಅದೇ ಉಂಗುರ. ಪೆಟ್ರೋಲ್ ಬಿದ್ದರೆ ಆ ರಬ್ಬರ್ ಊದಿಕೊಳ್ಳುತ್ತದೆ, ಆಮೇಲೆ ಒಣಗಿ ಬಿರುಕು ಬಿಡುತ್ತದೆ. ತಂತಿಯ ಬ್ರಷ್ ಅದನ್ನು ಹರಿದು ಹಾಕುತ್ತದೆ. ಉಂಗುರ ಹೋದರೆ ಒಳಗಿನ ಗ್ರೀಸ್ ಹೋಯಿತು. ಅದನ್ನು ಮತ್ತೆ ಹೊರಗಿನಿಂದ ತುಂಬಲು ಆಗುವುದಿಲ್ಲ, ಎಷ್ಟು ದುಬಾರಿ ಸ್ಪ್ರೇ ಹೊಡೆದರೂ ಆಗುವುದಿಲ್ಲ. ನಾವು ಹೊರಗೆ ಹಾಕುವ ಎಣ್ಣೆ ತುಕ್ಕು ಹಿಡಿಯದಿರಲಿ, ರೋಲರ್ ಮತ್ತು ಸ್ಪ್ರಾಕೆಟ್ ಹಲ್ಲು ಸವೆಯದಿರಲಿ, ರಬ್ಬರ್ ಒಣಗದಿರಲಿ ಅಂತ ಅಷ್ಟೇ.

ಇದನ್ನೇ ಸೂಪರ್‌ವೈಸರ್‌ಗೆ ಹೇಳಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

‘ಅದು ಪೆಟ್ರೋಲ್ ಅಲ್ಲ ಸರ್, ಕ್ಲೀನರ್.’ ವಾಸನೆ ಬರ್ತಿದೆಯಲ್ಲ ಅಂದೆ. ‘ಸ್ವಲ್ಪ ಮಿಕ್ಸ್ ಮಾಡ್ತೀವಿ ಸರ್.’

‘ಓ-ರಿಂಗ್‌ಗೆ ಏನೂ ಆಗಲ್ಲ ಸರ್, ಎಷ್ಟೋ ವರ್ಷದಿಂದ ಹೀಗೇ ಮಾಡ್ತಿದ್ದೀವಿ.’

ಫೋನ್‌ನಲ್ಲಿ ಬೈಕಿನ ಮ್ಯಾನುಯಲ್ ತೆಗೆದು ತೋರಿಸಿದೆ. ಪೆಟ್ರೋಲ್ ಬಳಸಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ. ಅವನು ಓದಲೂ ಇಲ್ಲ. ‘ಅದು ಕಂಪನಿಯವ್ರು ಬರೀತಾರೆ ಸರ್. ನಾವು ಮಾಡೋದು ಪ್ರಾಕ್ಟಿಕಲ್.’

ಆಮೇಲೆ ಜೋರಾಗಿ, ಕಾಯುತ್ತಾ ಕೂತವರಿಗೆಲ್ಲ ಕೇಳುವ ಹಾಗೆ, ‘ವಿಡಿಯೋ ನೋಡ್ಕೊಂಡು ಬಂದಿದ್ದೀರಾ ಸರ್?’ ಅಂದ. ಇಬ್ಬರು ಮೂವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ದುಡ್ಡು ಕೊಟ್ಟವನು ನಾನು, ಚೈನ್ ಹೋಗಿದ್ದು ನನ್ನದು, ನಗೆಪಾಟಲಾಗಿದ್ದೂ ನಾನೇ!

ಕೊನೆಗೆ, ‘ಮಳೆಯಲ್ಲಿ ಓಡಿಸಿದ್ದೀರಾ?’ ಓಡಿಸಿದ್ದೇನೆ. ‘ಅದಕ್ಕೇ ನೋಡಿ ಸರ್!’ ಮಳೆಗೆ ಮೇಲಿನ ಎಣ್ಣೆ ತೊಳೆದು ಹೋಗುತ್ತದೆ, ನಿಜ. ಮತ್ತೆ ಎಣ್ಣೆ ಹಾಕಬೇಕು, ಅದೂ ನಿಜ. ಆದರೆ ಮಳೆ ಬಂದು ಓ-ರಿಂಗ್ ಹರಿಯುತ್ತದೆಯಾ? ಹಾಗಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಬೈಕೂ ರಸ್ತೆ ಮೇಲೆ ಇರಬಾರದಿತ್ತು ಅಲ್ವಾ?

ಇಷ್ಟೇ ಅಲ್ಲ, ಟೈಟ್ ಮಾಡಿದ್ದರಲ್ಲೂ ಎಡವಟ್ಟು. ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲಿ ಚೈನ್ ಮೇಲೆ ಕೆಳಗೆ 25ರಿಂದ 35 ಮಿ.ಮೀ. ಆಡಬೇಕು ಅಂತ ಇದೆ. ನನ್ನದು ಬೆರಳಿನಿಂದ ಎತ್ತಿದರೆ ಅಲ್ಲಾಡುತ್ತಲೇ ಇರಲಿಲ್ಲ. ಕೇಳಿದರೆ ‘ಟೈಟ್ ಇದ್ರೆ ಪಿಕಪ್ ಚೆನ್ನಾಗಿರುತ್ತೆ ಸರ್’. ಇದಕ್ಕೆ ಏನು ಹೇಳೋದು? ನಾವು ಕೂತು ಸಸ್ಪೆನ್ಷನ್ ಇಳಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಆಗ ಎಲ್ಲಾ ಎಳೆತ ಬೀಳುವುದು ಗೇರ್ ಬಾಕ್ಸ್ ಶಾಫ್ಟ್‌ನ ಬೇರಿಂಗ್ ಮೇಲೆ, ಹಿಂದಿನ ಚಕ್ರದ ಬೇರಿಂಗ್ ಮೇಲೆ. ಚೈನ್ ಹೋದರೆ ಚೈನ್ ಬದಲಾಯಿಸಬಹುದು. ಗೇರ್ ಬಾಕ್ಸ್ ಬೇರಿಂಗ್ ಹೋದರೆ ಇಂಜಿನ್ ಬಿಚ್ಚಬೇಕು. ಚೈನ್ ಬಿಗಿ ಮಾಡಲು ಚಕ್ರದ ಎರಡೂ ಕಡೆ ಇರುವ ಅಡ್ಜಸ್ಟರ್‌ಗಳ ಗುರುತುಗಳೂ ಒಂದಕ್ಕೊಂದು ಸಮವಾಗಿರಲಿಲ್ಲ. ಅಂದರೆ ಚಕ್ರ ಕೂತಿದ್ದೇ ಸೊಟ್ಟಗೆ.

ಬೈಕನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದೆ. ವಯಸ್ಸಾದವರು, ಮಾತು ಕಡಿಮೆ. ಹಿಂದಿನ ಸ್ಪ್ರಾಕೆಟ್‌ನ ತುದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದರು. ಚೈನ್ ಎದ್ದು ಬಂತು, ಅರ್ಧಕ್ಕಿಂತ ಜಾಸ್ತಿ ಹಲ್ಲು ಕಾಣಿಸಿತು. ಒಳ್ಳೆಯ ಚೈನ್ ಹಾಗೆ ಏಳುವುದಿಲ್ಲ. ಆಮೇಲೆ ಲಿಂಕ್‌ಗಳ ಸಂದಿಯಲ್ಲಿ ಕೆಂಪು ಪುಡಿ ತೋರಿಸಿದರು. ಅದು ತುಕ್ಕು. ‘ಇಲ್ಲಿ ರಿಂಗೇ ಇಲ್ಲ ನೋಡಿ’ ಅಂದರು. ಒಂದು ಕಡೆ ಅಲ್ಲ, ಸಾಲಾಗಿ ಹಲವು ಕಡೆ ಇಲ್ಲ. ಉಳಿದ ಕಡೆ ತುಂಡಾಗಿ ನೇತಾಡುತ್ತಿದ್ದವು. ಸರಿಯಾಗಿ ನೋಡಿಕೊಂಡರೆ ಇಂಥ ಚೈನ್ 20,000 ಕಿ.ಮೀ. ದಾಟುವುದು ದೊಡ್ಡ ಮಾತಲ್ಲ. ನನ್ನದು ಅದರ ಅರ್ಧಕ್ಕೂ ಬರಲಿಲ್ಲ.

ಹೊಟ್ಟೆ ಉರಿಯುವ ವಿಷಯ ಏನು ಗೊತ್ತಾ? ಆ ಸೂಪರ್‌ವೈಸರ್ ಹೇಳಿದ್ದು ಸರಿಯೇ ಆಗಿತ್ತು. ಚೈನ್ ಹೋಗಿತ್ತು. ಹಾಳು ಮಾಡುವುದಕ್ಕೂ ಅವರಿಗೇ ದುಡ್ಡು, ಹಾಳಾಗಿದೆ ಅಂತ ಹೊಸದು ಹಾಕುವುದಕ್ಕೂ ಅವರಿಗೇ ದುಡ್ಡು. ಹೊಸ ಸೆಟ್ ಅವರ ಹತ್ತಿರ ಮಾತ್ರ ಹಾಕಿಸಲಿಲ್ಲ. ಎರಡೂ ಸ್ಪ್ರಾಕೆಟ್ ಸಮೇತ ಆ ಹಿರಿಯರ ಹತ್ತಿರವೇ ಹಾಕಿಸಿದೆ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಈಗ ಚೈನ್ ಕೆಲಸ ನಾನೇ ಮಾಡುತ್ತೇನೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್, ಕೀ ಜೇಬಿನಲ್ಲಿ. ಸೀಮೆಎಣ್ಣೆ ಅಥವಾ ಓ-ರಿಂಗ್‌ಗೆ ತೊಂದರೆ ಇಲ್ಲ ಅಂತ ಬರೆದಿರುವ ಚೈನ್ ಕ್ಲೀನರ್, ಮೆತ್ತನೆ ಬ್ರಷ್, ಹಳೇ ಬಟ್ಟೆ. ಚಕ್ರ ಕೈಯಲ್ಲಿ ತಿರುಗಿಸುತ್ತಾ ನಾಲ್ಕೂ ಬದಿ ತಿಕ್ಕಿ, ಒರೆಸಿ, ಒಣಗಲು ಬಿಡಬೇಕು. ಆಮೇಲೆ ಕೆಳಗಿನ ಸಾಲಿನ ಒಳಬದಿಗೆ ಲ್ಯೂಬ್ ಅಥವಾ ಗೇರ್ ಆಯಿಲ್. ಒಳಬದಿಗೇ ಯಾಕೆಂದರೆ ಚೈನ್ ಓಡುವಾಗ ಎಣ್ಣೆ ಹೊರಗಡೆಗೆ ಎಸೆಯಲ್ಪಡುತ್ತದೆ, ಒಳಗೆ ಹಾಕಿದ್ದರೆ ರೋಲರ್ ಮೂಲಕ ಹಾದು ಬರುತ್ತದೆ. ರಾತ್ರಿ ಮಾಡಿ ಬೆಳಿಗ್ಗೆವರೆಗೆ ಬಿಟ್ಟರೆ ಒಳ್ಳೆಯದು. ಹೆಚ್ಚಾದದ್ದು ಒರೆಸಿ. ಟೈರ್‌ಗೆ, ಬ್ರೇಕ್ ಡಿಸ್ಕ್‌ಗೆ ಒಂದು ಹನಿಯೂ ತಾಗಬಾರದು. ಸುಮಾರು 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ. ಇಂಜಿನ್‌ನಿಂದ ತೆಗೆದ ಹಳೇ ಆಯಿಲ್ ಹಾಕ್ತೀವಿ ಅಂದರೆ ಬೈಕ್ ಎತ್ತಿಕೊಂಡು ಬನ್ನಿ. ಅದರಲ್ಲಿ ಸವೆದ ಲೋಹದ ಪುಡಿ, ಕೊಳೆ ಎಲ್ಲಾ ಇರುತ್ತದೆ.

ನೀವೇ ಮಾಡಲು ಆಗದಿದ್ದರೆ ಅವರು ಮಾಡುವಾಗ ಎದುರಿಗೆ ನಿಂತುಕೊಳ್ಳಿ. ‘ಗಿರಾಕಿಗಳು ಒಳಗೆ ಬರೋ ಹಾಗಿಲ್ಲ’ ಅಂದರೆ ಬಿಲ್‌ನಿಂದ ಆ ಸಾಲು ತೆಗೆಸಿ.

ನಿನ್ನೆ ಅದೇ ಸರ್ವಿಸ್ ಸೆಂಟರ್‌ನಿಂದ ಫೋನ್ ಬಂತು. ದುಡ್ಡು ವಾಪಸ್ ಕೊಡ್ತಾರೇನೋ ಅಂದುಕೊಂಡೆ. ‘ಸರ್, ನಿಮಗೆ ಬೇಜಾರಾಗಿದೆ ಅಂತ ಗೊತ್ತಾಯ್ತು. ಮುಂದಿನ ಸರ್ವಿಸ್‌ನಲ್ಲಿ ಚೈನ್ ಕ್ಲೀನಿಂಗ್ ಫ್ರೀ ಮಾಡಿಕೊಡ್ತೀವಿ’ ಅಂದರು.