ಮನೆಯಲ್ಲೇ ಮಾಡಿಕೊಂಡ ಡ್ರೆಸ್ ಫಾರ್ಮ್: ಆರು ವರ್ಷಗಳ ಬಳಕೆಯ ನಂತರ

ಸೀರೆಯ ಜೊತೆಗೇ ನೇಯ್ದು ಬರುವ ರವಿಕೆ ಕಣ ಸಾಮಾನ್ಯವಾಗಿ 80 ಸೆಂಟಿಮೀಟರಿನಷ್ಟು ಇರುತ್ತದೆ. ಬೆನ್ನು, ಮುಂಭಾಗ, ತೋಳು, ಪಟ್ಟಿ ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಅಂಗೈಯಗಲದ ಚೂರುಗಳು ಮಾತ್ರ. ಕತ್ತರಿ ತಪ್ಪಿದರೆ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ತುಂಡು ಸಿಗುವುದಿಲ್ಲ. ನನ್ನ ರವಿಕೆಗಳನ್ನು ನಾನೇ ಹೊಲಿದುಕೊಳ್ಳಲು ಆರಂಭಿಸಿದ ಕಾಲದಲ್ಲಿ ಹೀಗೆ ಎರಡು ರೇಷ್ಮೆ ಕಣಗಳು ಹಾಳಾದವು. ಅಳತೆ ರವಿಕೆಯನ್ನು ಮುಂದಿಟ್ಟುಕೊಂಡು ಎರಡೆರಡು ಸಲ ಅಳೆದು ಕತ್ತರಿಸಿದರೂ ಎಡ ಭುಜ ಜಾರುತ್ತಿತ್ತು, ಬೆನ್ನಿನ ಕತ್ತಿನ ಬಳಿ ಬಟ್ಟೆ ಉಬ್ಬಿ ನಿಲ್ಲುತ್ತಿತ್ತು. ತನ್ನ ಬೆನ್ನಿನ ಮೇಲೆ ತಾನೇ ಗುಂಡುಸೂಜಿ ಚುಚ್ಚಿಕೊಳ್ಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ 2019ರ ಮೇ ತಿಂಗಳಿನಲ್ಲಿ ಡಕ್ಟ್ ಟೇಪ್ ಎಂಬ ಗಟ್ಟಿ ಅಂಟುಪಟ್ಟಿಯಿಂದ ನನ್ನದೇ ಮೈಯಳತೆಯ ಡ್ರೆಸ್ ಫಾರ್ಮ್ ಒಂದನ್ನು, ಅಂದರೆ ಹೊಲಿಯುವ ಬಟ್ಟೆಯನ್ನು ತೊಡಿಸಿ ತಿದ್ದಿಕೊಳ್ಳುವ ಮುಂಡದ ಬೊಂಬೆಯನ್ನು, ಮಾಡಿಕೊಂಡೆ; 2022ರ ಜನವರಿಯಲ್ಲಿ ಅದನ್ನು ಬಿಟ್ಟು ಕಾಗದದ ಟೇಪಿನಿಂದ ಎರಡನೆಯದನ್ನು ಮಾಡಿದೆ. ಎರಡನ್ನೂ ಸಾಕಷ್ಟು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಗುವ ಬೊಂಬೆಗಳು 34, 36, 38 ಎಂಬ ಅಳತೆಗಳಲ್ಲಿ ಬರುತ್ತವೆ. ಎಡಬಲಗಳೆರಡೂ ಒಂದೇ ಸಮ ಇರುವ, ನೆಟ್ಟಗೆ ನಿಂತ ಮೈ ಅವುಗಳದು. ಸುತ್ತಳತೆ ಹೊಂದಿದರೂ ನಿಲುವು ಹೊಂದುವುದಿಲ್ಲ. ಮನೆಯ ಫಾರ್ಮಿನ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಓರಗಿತ್ತಿಯವರು ನನಗೆ ಟೇಪು ಸುತ್ತಿ, ಬೆನ್ನಿನ ನಡುವೆ ಕತ್ತರಿಸಿ ಬಿಡಿಸಿದ ಫಾರ್ಮನ್ನು ತುಂಬಿಸಿ ನಿಲ್ಲಿಸಿದಾಗ, ಅದರ ಎಡ ಭುಜ ಬಲಕ್ಕಿಂತ ಅರ್ಧ ಇಂಚು ತಗ್ಗಿರುವುದನ್ನೂ, ಕತ್ತಿನ ಕೆಳಗೆ ಬೆನ್ನು ಸ್ವಲ್ಪ ಬಾಗಿರುವುದನ್ನೂ ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಅಷ್ಟು ವರ್ಷ ಜಾರಿದ ರವಿಕೆಗಳಿಗೆಲ್ಲ ಕಾರಣ ಅಲ್ಲಿತ್ತು. ಈಗ ಎಡ ಭುಜದ ಹೊಲಿಗೆಯನ್ನು ಅರ್ಧ ಇಂಚು ಇಳಿಜಾರು ಮಾಡಿ, ಬೆನ್ನಿನ ಕತ್ತಿನ ಎರಡೂ ಬದಿಗೆ ಸಣ್ಣ ಟಕ್ ಹಿಡಿಯುತ್ತೇನೆ; ಸುತ್ತಳತೆಯ ಅಂಕಿಗಳು ಮೊದಲಿನವೇ ಇದ್ದರೂ ರವಿಕೆ ಮೈಮೇಲೆ ಕೂರುತ್ತದೆ.

ಮಾಡುವಾಗಿನ ಕೆಲವು ವಿಷಯಗಳನ್ನು ಹೇಳಲೇಬೇಕು, ಏಕೆಂದರೆ ಮುಂದಿನ ವರ್ಷಗಳ ಉಪಯೋಗ ಆ ಒಂದೆರಡು ಗಂಟೆಗಳನ್ನೇ ಅವಲಂಬಿಸಿದೆ. ಸೀರೆಯ ರವಿಕೆಯ ಒಳಗೆ ದಿನವೂ ಧರಿಸುವ ಒಳ ಉಡುಪನ್ನೇ ಹಾಕಿಕೊಂಡು, ಅದರ ಮೇಲೆ ಮೈಗೆ ಅಂಟುವ ಹಳೆಯ ಟೀ ಶರ್ಟ್ ತೊಟ್ಟು ನಿಲ್ಲಬೇಕು. ಸೊಂಟಕ್ಕೆ ಉಡಿದಾರದಂತೆ ಒಂದು ದಾರ ಕಟ್ಟಿಕೊಂಡರೆ ನಡು ಎಲ್ಲಿದೆ ಎಂಬುದು ಕೊನೆಯವರೆಗೂ ತಪ್ಪುವುದಿಲ್ಲ. ಟೇಪನ್ನು ಎಳೆದು ಸುತ್ತಬಾರದು, ತುಂಡು ತುಂಡಾಗಿ ಹರಿದು ಮೈಮೇಲೆ ಇಡಬೇಕು. ಎಳೆದರೆ ಎದೆ ಚಪ್ಪಟೆಯಾಗುವುದಲ್ಲದೆ ಉಸಿರಾಟಕ್ಕೂ ತೊಂದರೆ. ಮಂಡಿಯನ್ನು ಬಿಗಿ ಹಿಡಿಯದೆ ಆಗಾಗ ಸಡಿಲಿಸುತ್ತ, ನಡುನಡುವೆ ನೀರು ಕುಡಿಯುತ್ತ ನಿಲ್ಲಬೇಕು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಮೂರು ಪದರ ಟೇಪಿನೊಳಗೆ ನಿಂತ ನನಗೆ ತಲೆ ಸುತ್ತು ಬಂದಿತ್ತು. ಈ ಕೆಲಸಕ್ಕೆ ಚಳಿಗಾಲದ ಬೆಳಗೇ ಸರಿ. ಬಿಡಿಸುವ ಮೊದಲು ಕತ್ತರಿಸುವ ಗೆರೆಯ ಮೇಲೆ ಎರಡೆರಡು ಇಂಚಿಗೊಂದು ಅಡ್ಡಗೆರೆ ಎಳೆದಿಟ್ಟರೆ ಮರಳಿ ಜೋಡಿಸುವಾಗ ಅಂಚುಗಳು ಮೇಲೆ ಕೆಳಗೆ ಆಗುವುದಿಲ್ಲ.

ಫಾರ್ಮ್ ಯಾವಾಗಲೂ ಮೈಗಿಂತ ದೊಡ್ಡದಾಗಿಯೇ ಬರುತ್ತದೆ. ಟೇಪು ಮತ್ತು ಬಟ್ಟೆ ಸೇರಿ 2 ಮಿಲಿಮೀಟರ್ ದಪ್ಪವಾದರೂ ಸುತ್ತಳತೆ 12 ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ, ಅಂದರೆ ಸುಮಾರು ಅರ್ಧ ಇಂಚು. ಒಳಗೆ ತುಂಬಿಸುವಾಗ ಇನ್ನಷ್ಟು ಉಬ್ಬುತ್ತದೆ. ನನ್ನ ಮೊದಲ ಫಾರ್ಮಿಗೆ ಹೊಲಿಗೆಯ ಚಿಂದಿಗಳನ್ನು ಗಿಡಿದು ತುಂಬಿದ್ದರಿಂದ ಎದೆಸುತ್ತಳತೆ ಒಂದೂವರೆ ಇಂಚು ಹೆಚ್ಚಾಗಿ, ಅದನ್ನು ನಂಬಿ ಹೊಲಿದ ಮೊದಲ ಎರಡು ರವಿಕೆಗಳು ದೊಗಲೆಯಾದವು. ಎರಡನೆಯದರಲ್ಲಿ ಬೆನ್ನಿನ ಸೀಳಿನ ಎರಡೂ ಅಂಚುಗಳಿಂದ ಕಾಲು ಕಾಲು ಇಂಚು ಕತ್ತರಿಸಿ ತೆಗೆದು, ಹಳೆಯ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತ, ಪ್ರತಿ ಹಂತದಲ್ಲೂ ಅಳತೆ ಟೇಪು ಹಿಡಿದು ಅಳೆದೆ.

ಡಕ್ಟ್ ಟೇಪಿನ ಫಾರ್ಮ್ ಕರಾವಳಿಯ ಹವೆಗೆ ಒಗ್ಗಲಿಲ್ಲ. ಅದರ ಅಂಟು ರಬ್ಬರಿನದು, ಬಿಸಿಗೆ ಮೆತ್ತಗಾಗುತ್ತದೆ. ಎರಡನೆಯ ಬೇಸಿಗೆಯಲ್ಲಿ ಟೇಪಿನ ಅಂಚುಗಳಿಂದ ಅಂಟು ಒಸರತೊಡಗಿತು. ಚುಚ್ಚಿದ ಗುಂಡುಸೂಜಿಯನ್ನು ಎಳೆದರೆ ತುದಿಗೆ ಕಂದು ಜಿಗುಟು ಹತ್ತಿಕೊಂಡು ಬರುತ್ತಿತ್ತು, ಒಮ್ಮೆ ಅದು ಕೆನೆಬಣ್ಣದ ರೇಷ್ಮೆಗೂ ತಾಗಿ ಕಲೆಯಾಯಿತು. ಮೂರನೆಯ ವರ್ಷಕ್ಕೆ ಭುಜಗಳೇ ಕುಸಿದು, ನಡು ಒಂದು ಇಂಚು ಹಿಗ್ಗಿತು. ಒಣ ಹವೆಯ ಊರುಗಳಲ್ಲಿ ಇದು ಇನ್ನಷ್ಟು ಬಾಳಬಹುದೇನೋ. ಸಮುದ್ರದ ಬದಿಯವರಿಗೆ ಇದನ್ನು ಮಾಡಿಕೊಳ್ಳಿ ಎಂದು ನಾನು ಹೇಳಲಾರೆ.

ನೀರು ಸವರಿದರೆ ಅಂಟುವ ಕಂದು ಕಾಗದದ ಟೇಪಿನಿಂದ ಮಾಡಿದ ಎರಡನೆಯ ಫಾರ್ಮ್ ಹೆಚ್ಚು ಸಮಯ ಬೇಡಿತು, ಸುಮಾರು ಎರಡೂವರೆ ಗಂಟೆ. ಆದರೆ ಒಣಗಿದ ಮೇಲೆ ಅದು ರಟ್ಟಿನಂತೆ ಗಟ್ಟಿ, ಮೂರೂವರೆ ವರ್ಷವಾದರೂ ಅಳತೆ ಕದಲಿಲ್ಲ. ಅಂಟು ಗಂಜಿಯ ಜಾತಿಯದಾದ್ದರಿಂದ ತೇವಕ್ಕೂ ಜಿರಲೆಗಳಿಗೂ ಸುಲಭವಾಗಿ ತುತ್ತಾಗುತ್ತದೆ; ಅದಕ್ಕಾಗಿ ಒಳಗೂ ಹೊರಗೂ ಎರಡು ಸಲ ವಾರ್ನಿಶ್ ಬಳಿದಿದ್ದೇನೆ. ಮೇಲೆ ಒಂದು ತೆಳು ಹತ್ತಿಯ ಹಾಸು, ಅದರ ಮೇಲೆ ಬನಿಯನ್ ಬಟ್ಟೆಯ ಹೊದಿಕೆ ಹೊಲಿದಿರುವುದರಿಂದ ಸೂಜಿ ಓರೆಯಾಗಿ ಚೆನ್ನಾಗಿ ಹಿಡಿಯುತ್ತದೆ. ಕೆಟ್ಟುಹೋದ ಪೆಡೆಸ್ಟಲ್ ಫ್ಯಾನಿನ ಬುಡವೇ ಇದರ ನಿಲುಗಂಬ.

ಫಾರ್ಮಿನಿಂದ ಆಗದ ಕೆಲಸಗಳೂ ಇವೆ. ಮೈ ಒತ್ತಿದರೆ ಬಗ್ಗುತ್ತದೆ, ಫಾರ್ಮ್ ಬಗ್ಗುವುದಿಲ್ಲ. ಬಿಗಿ ರವಿಕೆಗೆ ಅದರ ಮೇಲೆ ಹುಕ್ ಹಾಕಲು ಹೋದರೆ ಬಟ್ಟೆ ಹರಿದೀತು. ತೋಳಿಲ್ಲದ್ದರಿಂದ ಕಂಕುಳಿನ ಬಿಗಿತ ಗೊತ್ತಾಗುವುದಿಲ್ಲ. ಕೈ ಎತ್ತಿ ಮೇಲಿನ ಡಬ್ಬಿ ತೆಗೆಯುವಂತೆ ಮಾಡಿ ನೋಡುವ ಪರೀಕ್ಷೆಯನ್ನು ಮೈಮೇಲೆಯೇ ಮಾಡಬೇಕು. ಮೈ ಬದಲಾದಂತೆ ಫಾರ್ಮನ್ನೂ ತಿದ್ದಬೇಕು. ನಾನು ಆರು ತಿಂಗಳಿಗೊಮ್ಮೆ ಅಳೆದು, ಕಳೆದ ವರ್ಷ ನಡುವಿಗೆ ಇನ್ನೊಂದು ಪದರ ಹತ್ತಿ ಸೇರಿಸಿದೆ.

ಖರ್ಚು ಎರಡನೆಯದಕ್ಕೆ ಸುಮಾರು 1,200 ರೂಪಾಯಿ ಬಿದ್ದಿದೆ. ಗುಳೇದಗುಡ್ಡದಿಂದ ತರಿಸಿದ ಖಣ ಎಂಬ ಕಿರಿದಗಲದ ರವಿಕೆ ಬಟ್ಟೆಯನ್ನು, ಮೊದಲಾಗಿದ್ದರೆ ಮುಟ್ಟಲೂ ಹೆದರುತ್ತಿದ್ದ ನಾನು, ಹಳೆಯ ಪಂಚೆಯ ಬಟ್ಟೆಯಲ್ಲಿ ಮಾದರಿ ಮಾಡಿ ಫಾರ್ಮಿನ ಮೇಲೆ ತಿದ್ದಿಕೊಂಡ ಮೇಲೆ ಒಂದೇ ಸಲಕ್ಕೆ ಕತ್ತರಿಸಿದೆ. ಈ ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ ಓರಗಿತ್ತಿಯವರಿಗೂ ಒಂದನ್ನು ಮಾಡಿಕೊಡುವುದಿದೆ. ಕಾಗದದ ಟೇಪಿನ ಸುರುಳಿಗಳನ್ನು ಈಗಲೇ ತರಿಸಿ, ತೇವ ತಾಗದಂತೆ ಅಕ್ಕಿಯ ಡಬ್ಬದ ಪಕ್ಕದ ಟಿನ್ನಿನಲ್ಲಿ ಮುಚ್ಚಿಟ್ಟಿದ್ದೇನೆ.