ಗರಗಸಬೆನ್ನಿನ ಕತ್ತಿಗೊಂದು ಒರೆ: ಎರಡು ಮಳೆಗಾಲ ಬಳಸಿದ ಮೇಲೆ

ಕತ್ತಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. 18 ಇಂಚಿನ ಅಲಗು, ತುದಿಯ ಸ್ವಲ್ಪ ಜಾಗ ಬಿಟ್ಟು ಬೆನ್ನಿನುದ್ದಕ್ಕೂ ಗರಗಸದ ಹಲ್ಲು. ಉಳಿದದ್ದು ಮಾರುವವರ ಪುಟದಲ್ಲೇ ಇದೆ. ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಮೂರು ವರ್ಷದಿಂದ ದಿನಾ ದುಡಿಯುತ್ತಿದೆ. ಕಾಡು ಸವರುವುದಕ್ಕೆ ಹರಿತವಾದ ಬಾಯಿ, ಮಣಿಕಟ್ಟು ದಪ್ಪದ ಹಾಲವಾಣದ ಕೊಂಬೆಗೆ ಬೆನ್ನು. ಎರಡು ಹತಾರ ಹೊರುವ ಕೆಲಸ ಒಂದರಲ್ಲೇ ಮುಗಿಯುತ್ತದೆ. ನನ್ನನ್ನು ಗೋಳಾಡಿಸಿದ್ದು, ಕೊನೆಗೆ ಖುಷಿ ಕೊಟ್ಟದ್ದೂ ಅದರ ಒರೆ.

ಜೊತೆಯಲ್ಲಿ ಬಂದ ನೈಲಾನ್ ಬಟ್ಟೆಯ ಒರೆ ಏಳು ವಾರ ಬಾಳಿತು. ಬಾಯಿ ಬರುವ ಕಡೆ ಒಳಗೊಂದು ಪ್ಲಾಸ್ಟಿಕ್ ಪಟ್ಟಿ ಕೂರಿಸಿದ್ದರು. ಬೆನ್ನಿನ ಕಡೆ ಬರೀ ಹೊಲಿಗೆ. ಎಂಟನೇ ವಾರ ಮೆಣಸಿನ ಬಳ್ಳಿ ಕಟ್ಟುತ್ತಾ ಬಗ್ಗಿದಾಗ ತೊಡೆಗೆ ಏನೋ ಚುಚ್ಚಿದಂತಾಯಿತು. ನೋಡಿದರೆ ಹೊಲಿಗೆ ಒಂದು ಗೇಣು ಬಿಚ್ಚಿಕೊಂಡು ಹಲ್ಲುಗಳು ಹೊರಗೆ ಇಣುಕುತ್ತಿದ್ದವು.

ಮಾಮೂಲಿ ಕತ್ತಿಗೆ ಬಾಯಿ ಒಂದು ಕಡೆ, ಬೆನ್ನು ಇನ್ನೊಂದು ಕಡೆ. ಒರೆಯಿಂದ ಎಳೆಯುವಾಗ ಬೆನ್ನನ್ನು ಒರೆಗೆ ಒತ್ತಿ ಎಳೆದರೆ ಬಾಯಿ ಯಾವುದಕ್ಕೂ ತಾಗುವುದಿಲ್ಲ. ಚಿಕ್ಕಂದಿನಿಂದ ಕೈಗೆ ಬಂದ ಅಭ್ಯಾಸ ಅದು. ಬೆನ್ನಿಗೆ ಹಲ್ಲು ಬಂದರೆ ಆ ಅಭ್ಯಾಸವೇ ಒರೆಗೆ ಶತ್ರು. ಒತ್ತಿ ಎಳೆದಷ್ಟೂ ಒರೆಯನ್ನು ನಾವೇ ಗರಗಸದಿಂದ ಕೊಯ್ದಂತೆ. ಈ ಕತ್ತಿಗೆ ಒರಗಿಸಿ ನಿಲ್ಲಿಸುವ ಜಾಗವೇ ಇಲ್ಲ. ಹಿಡಿಯುವುದಾದರೆ ಅದರ ಎರಡು ಚಪ್ಪಟೆ ಮೈಯನ್ನು ಹಿಡಿಯಬೇಕು.

ಇದು ತಲೆಗೆ ಹೋಗುವ ಮೊದಲೇ 1,800 ರೂಪಾಯಿ ಕೊಟ್ಟು ಬೆಂಗಳೂರಿನಿಂದ ಒಂದು ತೊಗಲಿನ ಒರೆ ತರಿಸಿದ್ದೆ. ದಪ್ಪ ತೊಗಲು, ಅಚ್ಚುಕಟ್ಟಾದ ಹೊಲಿಗೆ, ಒಳ್ಳೆಯ ವಾಸನೆ. ಆರಿದ್ರಾ ಮಳೆ ಹಿಡಿಯುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ತೊಗಲು ನೀರು ಕುಡಿದು ಉಬ್ಬಿತು, ಮೇಲೆ ಬಿಳಿ ಬೂಸ್ಟು ಬಂತು, ಅಲಗು ಕಪ್ಪಾಯಿತು. ಮರದ ತೊಗಟೆಯಿಂದ ಹದ ಮಾಡಿದ ತೊಗಲಿನಲ್ಲಿರುವ ಒಗರು ಒದ್ದೆಯಲ್ಲಿ ಕಬ್ಬಿಣಕ್ಕೆ ಸೇರಿದರೆ ಹಾಗಾಗುತ್ತದೆ. ಹಳಬರು ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಸಂಗತಿ. ಹಲ್ಲಿನ ಸಂದಿಗಳಲ್ಲಿ ತುಕ್ಕು ಕೂತಿತು. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕೂತು ತಿಕ್ಕಿದ ಸಂಜೆಗಳಿಗೆ ಲೆಕ್ಕವಿಲ್ಲ. ದೀಪಾವಳಿ ಹೊತ್ತಿಗೆ ಬೆನ್ನಿನ ಹೊಲಿಗೆಯೂ ಹೋಯಿತು. ಆ ಹಣ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ದಾರಿ ಕಂಡದ್ದು ವಿರಾಜಪೇಟೆಯಲ್ಲಿ, ಗೆಳೆಯನ ಮನೆಯ ಮದುವೆಯಲ್ಲಿ. ಕೊಡವರ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಕಂಬ ಕಡಿಯುವುದನ್ನು ನೀವೂ ನೋಡಿರಬಹುದು. ಎಲ್ಲರ ಕಣ್ಣು ಬಾಳೆಯ ಮೇಲಿದ್ದರೆ ನನ್ನ ಕಣ್ಣು ಬೆನ್ನ ಹಿಂದಿನ ತೊಡಂಗ್ ಎಂಬ ಕೊಕ್ಕೆಯ ಮೇಲೆ. ಅಷ್ಟು ಅಗಲದ ಕತ್ತಿಗೆ ಮುಚ್ಚಿದ ಒರೆಯೇ ಇಲ್ಲ. ಸೊಂಟದ ಹಿಂದೆ ಹಿತ್ತಾಳೆಯ ತೊಡಂಗ್ ಅದನ್ನು ಹಿಡಿದಿರುತ್ತದೆ, ಅಲಗು ಬಯಲಲ್ಲೇ ಇರುತ್ತದೆ. ನಮ್ಮ ತೋಟದ ಕೆಲಸದವರ ಸೊಂಟದ ಕೊಕ್ಕೆಯೂ ಹಾಗೇ. ನಾನು ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ. ಬೈಕಿನಲ್ಲಿ ಓಡಾಡುವವನು, ಮನೆಯಲ್ಲಿ ಮಕ್ಕಳಿದ್ದಾರೆ, ಬಯಲಲ್ಲಿರುವ ಹಲ್ಲು ಮಳೆಕೋಟನ್ನು ಒಂದೇ ಸಲಕ್ಕೆ ಸೀಳುತ್ತದೆ. ಆದರೂ ಒಂದು ಗೊತ್ತಾಯಿತು: ಉದ್ದ ಕತ್ತಿಯನ್ನು ಮೇಲಿನಿಂದ ತುರುಕಲೇಬೇಕೆಂದಿಲ್ಲ, ಪಕ್ಕದಿಂದ ಮಲಗಿಸಬಹುದು.

ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಯ ಬಸ್‌ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವ ಹಿರಿಯರ ಹತ್ತಿರ ಹೋದೆ. (9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿದೆ. ಮನೆಬಳಕೆಗೆ, ಕೃಷಿಗೆ ಎಂದೇ ಮಾಡಿದವು ಅದರಿಂದ ಹೊರಗೆ. ಆದರೂ ಪೇಟೆಯಲ್ಲಿ ಬಿಚ್ಚುಗತ್ತಿ ಹಿಡಿದು ಓಡಾಡಬೇಡಿ.) ಅವರು ಹಲ್ಲಿನ ಮೇಲೆ ಹೆಬ್ಬೆರಳು ಸವರಿ, "ಇದಕ್ಕೆ ಎರಡೂ ಕಡೆ ಬಾಯಿ ಅಣ್ಣಾ. ಬರೀ ತೊಗಲು ತಡೆಯಲ್ಲ. ಒಳಗೆ ಗಟ್ಟಿ ಏನಾದ್ರೂ ಮಾಡ್ಕೊಂಡು ಬಾ, ಮೇಲಿಂದು ನಾನು ನೋಡ್ಕೋತೀನಿ" ಅಂದರು.

ಗಟ್ಟಿಯಾದದ್ದು ಮನೆಯಲ್ಲೇ ಬಿದ್ದಿತ್ತು, 63 ಎಂಎಂ ಪಿವಿಸಿ ಪೈಪಿನ ತುಂಡು. ಉದ್ದಕ್ಕೆ ಸೀಳಿ, ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಬೆಂಕಿಗೆ ಹಿಡಿಯಬೇಡಿ, ಸುಟ್ಟರೆ ಬರುವ ಹೊಗೆ ವಿಷ. ಮೆತ್ತಗಾದ ಪೈಪನ್ನು ಕತ್ತಿಯ ಮೇಲೇ ಒತ್ತುವುದೂ ಬೇಡ. ನಾನು ಮೊದಲ ಸಲ ಹಾಗೆ ಮಾಡಿ ಕೆಟ್ಟೆ. ಹಲ್ಲಿನ ಅಚ್ಚು ಒಳಗೆ ಮೂಡಿ, ಆರಿದ ಮೇಲೆ ಕತ್ತಿ ಅಲ್ಲೇ ಕಚ್ಚಿಕೊಂಡಿತು. ಎರಡನೇ ಸಲ ಸಿಲ್ವರ್ ಓಕ್ ಹಲಗೆಯಿಂದ ಅಲಗಿನ ಆಕಾರವನ್ನು ಒಂದೆರಡು ಎಂಎಂ ದಪ್ಪವಾಗಿಯೇ ಕೆತ್ತಿ, ಅದರ ಸುತ್ತ ಪೈಪನ್ನು ಮಡಿಸಿ, ಮೇಲೆ ಕಲ್ಲು ಹೇರಿ ತಣ್ಣೀರು ಹೊಯ್ದೆ.

ಮಡಿಕೆಯ ಕಡೆ ಕತ್ತಿಯ ಬಾಯಿ, ತೆರೆದ ಕಡೆ ಬೆನ್ನು. ನನ್ನ ಕತ್ತಿಯ ತುದಿಯ ಮೂರು ಇಂಚಿಗೆ ಹಲ್ಲಿಲ್ಲ. ಅಷ್ಟು ಮಾತ್ರ ಮುಚ್ಚಿದ ಜೇಬು, ತಳದಲ್ಲಿ ನೀರು ಇಳಿಯಲು ಒಂದು ತೂತು. ಹಿರಿಯರು ಮಡಿಕೆಯೊಳಗೆ ಬಾಯಿ ಕೂರಲು ತೊಗಲಿನ ಪಟ್ಟಿ ಇಟ್ಟರು, ಹೊರಗೆ ಜೇನುಮೇಣ ತಿಕ್ಕಿದ ತೊಗಲು ಹೊದಿಸಿದರು, ಹಲ್ಲಿನ ಮೇಲೆ ಮಡಚಿಕೊಳ್ಳುವ ಮುಚ್ಚಳವನ್ನು ಎರಡು ಸೂಜಿಯ ಹೊಲಿಗೆ ಹಾಕಿ ಕೂರಿಸಿದರು. ಆ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೂ ಉಳಿದದ್ದು ಬಿಚ್ಚುವುದಿಲ್ಲ. ಅಮೆರಿಕದ ವಾಯುಸೇನೆ ಪೈಲಟ್‌ಗಳಿಗೆ ಕೊಡುತ್ತಿದ್ದ ಗರಗಸಬೆನ್ನಿನ ಚಾಕುವಿನ ಒರೆಯಲ್ಲಿ ಸಾಣೆಕಲ್ಲಿಗೊಂದು ಜೇಬಿದೆ. ಅದರ ಚಿತ್ರ ತೋರಿಸಿ ನನ್ನದಕ್ಕೂ ಒಂದು ಹಾಕಿಸಿಕೊಂಡೆ. ಕೂಲಿ, ಸಾಮಾನು ಸೇರಿ 700 ರೂಪಾಯಿ ಆಯಿತು.

ಈಗ ಸಂಜೆ ಐದಕ್ಕೆ ಕಣದ ಕಟ್ಟೆಯ ಮೇಲೆ ಕೂತರೆ ಹತ್ತು ನಿಮಿಷ ನನ್ನದು. ಬ್ರಷ್‌ನಿಂದ ಹಲ್ಲಿನ ಸಂದಿಯ ಮರದ ಹುಡಿ ಉದುರಿಸುತ್ತೇನೆ, ಜೇಬಿನ ಕಲ್ಲು ತೆಗೆದು ಬಾಯಿಗೆ ನಾಲ್ಕು ಸಲ ಆಡಿಸುತ್ತೇನೆ, ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಮೈ ಒರೆಸುತ್ತೇನೆ. ತುದಿಯನ್ನು ಜೇಬಿಗೆ ಇಟ್ಟು ಹಿಡಿಯನ್ನು ಮೆಲ್ಲಗೆ ಒಳಕ್ಕೆ ವಾಲಿಸಿದರೆ ಕತ್ತಿ ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗುತ್ತದೆ. ಹಲ್ಲು ಎಲ್ಲೂ ಉಜ್ಜುವುದಿಲ್ಲ. ಮಳೆಗಾಲದಲ್ಲಿ ಮುಚ್ಚಳ ತೆರೆದು ಒಲೆಯ ಮೇಲಿನ ಅಟ್ಟದ ಕೆಳಗೆ ನೇತುಹಾಕಿದರೆ ಬೆಳಗ್ಗೆ ಗರಿಗರಿ ಒಣಗಿರುತ್ತದೆ.

ತೊಂದರೆ ಇರಲಿಲ್ಲ ಅಂತಲ್ಲ. ಮುಚ್ಚಳಕ್ಕೆ ಹಾಕಿಸಿದ್ದ ಒತ್ತುಗುಂಡಿ ಮೊದಲ ಶ್ರಾವಣಕ್ಕೇ ತುಕ್ಕು ಹಿಡಿಯಿತು. ಅದಕ್ಕಿಂತ ಕೆಟ್ಟದ್ದು, ಅದಕ್ಕೆ ಎರಡು ಕೈ ಬೇಕಿತ್ತು. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಏಣಿಯ ಮೇಲೆ ಒಂದು ಕೈ ಮರ ಹಿಡಿದಿರುತ್ತದೆ. ಗುಂಡಿ ಬೀಳದೆ, ಕತ್ತಿಯನ್ನು ಕೆಳಕ್ಕೆ ಎಸೆಯಬೇಕಾಗಿ ಬಂತು. ಕೆಳಗೆ ಕಾಫಿಗಿಡದ ಮರೆಯಲ್ಲಿ ಯಾರಾದರೂ ಇದ್ದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಹಿರಿಯರ ಹತ್ತಿರ ಹೋದೆ. ಅವರು ಗುಂಡಿ ಕಿತ್ತು, ಹಳೇ ಸೈಕಲ್ ಟ್ಯೂಬಿನಿಂದ ಬೆರಳಗಲದ ಎರಡು ಉಂಗುರ ಕತ್ತರಿಸಿ, ಹಿತ್ತಾಳೆ ಕೊಕ್ಕೆಗೆ ಸಿಕ್ಕಿಸಿ ಕೊಟ್ಟರು. ಹೆಬ್ಬೆರಳಿನಿಂದ ತಳ್ಳಿದರೆ ಬಿಡುತ್ತದೆ, ಎಳೆದು ಸಿಕ್ಕಿಸಿದರೆ ಕಚ್ಚುತ್ತದೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ವಾರಗಟ್ಟಲೆ ಅಭ್ಯಾಸ ಮಾಡಿ ಈಗ ಒಂದೇ ಕೈಯಲ್ಲಿ ಹಾಕಿ ತೆಗೆಯುತ್ತೇನೆ. ಆದರೂ ಏಣಿ ಹತ್ತುವ ಕೆಲಸಕ್ಕೆ ಬೇರೆಯವರಿಗೆ ಇದನ್ನು ಕೊಡುವುದಿಲ್ಲ, ಅವರಿಗೆ ಕೊಕ್ಕೆಯೇ ಸರಿ.

ಸೊಂಟದ ಪಕ್ಕ ತೂಗುಬಿಟ್ಟರೆ 18 ಇಂಚು ಮೊಣಕಾಲಿಗೆ ಬಡಿಯುತ್ತದೆ. ಒಡಿಕತ್ತಿಯ ಹಾಗೆ ಹಿಂದೆ, ಓರೆಯಾಗಿ ಕಟ್ಟಿಕೊಳ್ಳಿ. ಕೂರುವಾಗ ಮಾತ್ರ ಬಿಚ್ಚಿಡಬೇಕು.

ಟ್ಯೂಬಿನ ಉಂಗುರ ವರ್ಷಕ್ಕೊಮ್ಮೆ ಬಿರಿಯುತ್ತದೆ, ನಾನೇ ಹೊಸದು ಕತ್ತರಿಸಿಕೊಳ್ಳುತ್ತೇನೆ. ಮಡಿಕೆಯೊಳಗಿನ ತೊಗಲಿನ ಪಟ್ಟಿ ಮಾತ್ರ ಈಗ ಅರ್ಧ ಸವೆದಿದೆ. ಬರುವ ಸಂತೆಯ ದಿನ ಒರೆಯನ್ನು ಹಿರಿಯರ ಹತ್ತಿರ ಬಿಟ್ಟು ಬರಬೇಕು, ಮಳೆ ಹಿಡಿಯುವ ಮುಂಚೆ.