ವಿನ್ನಿಪೆಗ್‌ನಲ್ಲಿ ವಿಂಟರ್ ಟೈರ್: ಐದು ಚಳಿಗಾಲಗಳ ನಂತರ

ಕೆನಡಾದ ವಿನ್ನಿಪೆಗ್‌ಗೆ ಬಂದದ್ದು 2019ರಲ್ಲಿ. ಆ ವರ್ಷ ನಾನು ಹಿಮದ ರಸ್ತೆಗೆಂದೇ ಮಾಡಿದ ವಿಂಟರ್ ಟೈರ್ ಕೊಳ್ಳಲಿಲ್ಲ. ಕಾರಿನ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುತ್ತಿತ್ತು, ಟೈರಿನ ಮೇಲೆ ‘ಆಲ್ ಸೀಸನ್’ ಎಂದು ಬರೆದಿತ್ತು. ಕೊಪ್ಪದ ಕಡೆ ಮಳೆಗಾಲದ ಕೆಸರಿನಲ್ಲಿ ತೋಟದ ಜೀಪು ಓಡಿಸಿ ಕಲಿತವನು ನಾನು. ಇಷ್ಟಿದ್ದರೆ ಸಾಕು ಎಂದುಕೊಂಡಿದ್ದೆ.

ಜನವರಿಯ ಒಂದು ಬೆಳಿಗ್ಗೆ, ಮೈನಸ್ 28 ಡಿಗ್ರಿ. ಸಿಗ್ನಲ್ ಕೆಂಪಾಯಿತು, ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು, ಕಾರು ಮಾತ್ರ ನಿಲ್ಲದೆ ಜಾರಿಕೊಂಡು ವೃತ್ತದ ನಡುವಿಗೆ ಹೋಯಿತು. ಎದುರಿನ ಬಸ್ಸಿನ ಚಾಲಕ ಮೊದಲೇ ಗಮನಿಸಿ ನಿಲ್ಲಿಸಿದ್ದರಿಂದ ಉಳಿದೆವು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳಿದ್ದಳು. ನಿಂತ ವಾಹನಗಳ ಹೊಗೆಯಲ್ಲಿನ ತೇವ ಇಂಥ ಚಳಿಯಲ್ಲಿ ಸಿಗ್ನಲ್‌ಗಳ ಬಳಿ ರಸ್ತೆಗೆ ಅಂಟಿ ಹೆಪ್ಪುಗಟ್ಟುತ್ತದೆ, ಮೇಲೆ ಉರುಳುವ ಚಕ್ರಗಳು ಅದನ್ನು ಉಜ್ಜಿ ಗಾಜಿನಂತೆ ಮಾಡುತ್ತವೆ. ನಾಲ್ಕು ಚಕ್ರಗಳ ಬಲ ಕಾರನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ ಎಂಬುದು ನನಗೆ ತಿಳಿದದ್ದು ಅಲ್ಲಿ.

ಫೋನಿನಲ್ಲಿ ವಿಷಯ ಕೇಳಿದ ಅಪ್ಪಯ್ಯ, “ನಮ್ಮ ಜೀಪಿಗೆ ಕಟ್ಟುವ ಹಾಗೆ ಅಲ್ಲಿ ಚಕ್ರಕ್ಕೆ ಸರಪಳಿ ಕಟ್ಟುವುದಿಲ್ಲವೇನೋ?” ಎಂದರು. ಊರಿನ ಕೆಸರಿಗೆ ಅದು ಸರಿ. ಆದರೆ ಇಲ್ಲಿಯ ಪೇಟೆಯ ರಸ್ತೆಯಲ್ಲಿ ಹತ್ತು ಮಾರು ಹಿಮವಿದ್ದರೆ ಮುಂದಿನ ಹತ್ತು ಮಾರು ಬರಿಯ ಡಾಂಬರು. ದಿನನಿತ್ಯದ ಓಡಾಟಕ್ಕೆ ಸರಪಳಿ ಆಗಿಬರುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ನಾಲ್ಕು ವಿಂಟರ್ ಟೈರ್‌ಗಳನ್ನು ಬೇರೆ ಉಕ್ಕಿನ ರಿಮ್‌ಗಳ ಸಮೇತ ಕೊಂಡೆ. ತೆರಿಗೆ ಸೇರಿ ಸುಮಾರು 1,300 ಡಾಲರ್. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇವು ಕಡ್ಡಾಯ; ನಮ್ಮ ಮ್ಯಾನಿಟೋಬಾದಲ್ಲಿ ಅಂಥ ಕಾನೂನಿಲ್ಲ. ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ. ರಿಮ್ ಬೇರೆಯೇ ಇದ್ದರೆ ವರ್ಷಕ್ಕೆ ಎರಡು ಸಲ ಟೈರನ್ನು ಕಿತ್ತು ಕೂರಿಸುವ ಖರ್ಚಿಲ್ಲ. ಜಾಕ್ ಇದ್ದರೆ ಮನೆಯಲ್ಲಿಯೇ ಬದಲಿಸಬಹುದು.

ಕೊಳ್ಳುವಾಗ ಟೈರಿನ ಪಕ್ಕೆಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ನೋಡಿ. ‘ಎಂ+ಎಸ್’ (M+S, ಅಂದರೆ ಕೆಸರು ಮತ್ತು ಹಿಮ) ಎಂಬ ಅಕ್ಷರಗಳನ್ನಷ್ಟೇ ನೋಡಿ ನಂಬಬೇಡಿ. ಆ ಅಕ್ಷರಗಳು ಟೈರಿನ ಗೀರುಗಳ ವಿನ್ಯಾಸವನ್ನಷ್ಟೇ ಹೇಳುತ್ತವೆ, ಬೆಟ್ಟದ ಗುರುತು ಹಿಮದ ಮೇಲೆ ಪರೀಕ್ಷೆಗೊಂಡ ಟೈರಿಗೆ ಸಿಗುವುದು. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದಂತೆ ಸಾಮಾನ್ಯ ಟೈರಿನ ರಬ್ಬರ್ ಬಿರುಸಾಗತೊಡಗುತ್ತದೆ. ನಮ್ಮ ಶೆಡ್ಡಿನಲ್ಲಿ ಚಳಿಗೆ ಎರಡನ್ನೂ ಮುಟ್ಟಿ ನೋಡಿದ್ದೇನೆ: ಹಳೆಯದು ಮರದ ಕೊರಡಿನಂತೆ, ಹೊಸದು ಹೆಬ್ಬೆರಳಿಗೆ ಇನ್ನೂ ಸ್ವಲ್ಪ ಮಣಿಯುತ್ತದೆ.

ವ್ಯತ್ಯಾಸ ಮೊದಲ ವಾರವೇ ತಿಳಿಯಿತು. ಅದೇ ಸಿಗ್ನಲ್, ಅದೇ ಮಂಜುಗಡ್ಡೆ. ಕಾರು ಸ್ವಲ್ಪ ಜಾರಿದರೂ ಗೆರೆಯ ಹಿಂದೆಯೇ ನಿಂತಿತು. 2021-22ರ ಚಳಿಗಾಲದಲ್ಲಿ ಹಿಮ ರಾಶಿರಾಶಿಯಾಗಿ ಬಿದ್ದಾಗಲೂ ಬಡಾವಣೆಯ ರಸ್ತೆಯಲ್ಲಿ ಒಮ್ಮೆಯೂ ಹೂತುಕೊಳ್ಳಲಿಲ್ಲ. ಆದರೂ ಬರಿಯ ಮಂಜುಗಡ್ಡೆಯ ಮೇಲೆ ಯಾವ ಟೈರೂ ಡಾಂಬರಿನ ಹಿಡಿತ ಕೊಡುವುದಿಲ್ಲ. ಮುಂದಿನ ವಾಹನದಿಂದ ನಾನು ಈಗಲೂ ದುಪ್ಪಟ್ಟು ಅಂತರ ಬಿಡುತ್ತೇನೆ.

ಕುಂದುಗಳೂ ಇವೆ. ಒಣ ರಸ್ತೆಯಲ್ಲಿ ಸದ್ದು ಹೆಚ್ಚು, ಪೆಟ್ರೋಲ್ ತುಸು ಹೆಚ್ಚು ಬೇಕು, ಬಿಸಿಲು ಬಂದ ಮೇಲೆ ತೆಗೆಯದಿದ್ದರೆ ಬೇಗ ಸವೆಯುತ್ತವೆ. ಮೈನಸ್ 30ರಲ್ಲಿ ರಾತ್ರಿಯಿಡೀ ನಿಂತ ಕಾರಿನ ಟೈರುಗಳು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿಯೇ ಗಟ್ಟಿಯಾಗುತ್ತವೆ. ಮೊದಲ ಒಂದೆರಡು ಕಿಲೋಮೀಟರ್ ಚೌಕಾಕಾರದ ಚಕ್ರಗಳ ಮೇಲೆ ಕೂತಂತೆ ದಡಬಡ ಎನ್ನುತ್ತದೆ. ಮೊದಲ ಸಲ ಹೆದರಿ ಇಳಿದು ನೋಡಿದ್ದೆ. ಬಿಸಿಯಾದಂತೆ ತಾನಾಗಿಯೇ ಸರಿಹೋಗುತ್ತದೆ. ತಾಪಮಾನ ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ 35 ತುಂಬಿಸಿದ್ದು ಡಿಸೆಂಬರ್‌ನಲ್ಲಿ 29 ತೋರಿಸಿದ್ದುಂಟು. ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿ.

ಎರಡನೆಯ ವರ್ಷ ಬಿಡುವಿಲ್ಲದೆ ಒಂದು ಗ್ಯಾರೇಜಿನಲ್ಲಿ ಚಕ್ರ ಬದಲಿಸಿಕೊಂಡೆ. ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೆ ಬಿಗಿಗೊಳಿಸಬೇಕೆಂದು ಅವರು ಹೇಳಲೇ ಇಲ್ಲ. ಹೆದ್ದಾರಿಯಲ್ಲಿ ಸ್ಟೇರಿಂಗ್ ಅಲುಗತೊಡಗಿದಾಗ ಬದಿಗೆ ನಿಲ್ಲಿಸಿ ನೋಡಿದರೆ ಎರಡು ನಟ್ಟು ಕೈಯಲ್ಲಿಯೇ ತಿರುಗುತ್ತಿದ್ದವು. ಈ ಅಜಾಗರೂಕತೆಯನ್ನು ನಾನು ಕ್ಷಮಿಸಿಲ್ಲ. ನಟ್ಟನ್ನು ಸರಿಯಾದ ಅಳತೆಗೆ ಬಿಗಿಗೊಳಿಸುವ ಟಾರ್ಕ್ ರೆಂಚ್ ಕೊಂಡು ಅಂದಿನಿಂದ ಈ ಕೆಲಸ ನಾನೇ ಮಾಡುತ್ತೇನೆ.

ಟೈರಿನ ಜೊತೆಗೆ, ನಿಂತ ಕಾರಿನ ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಾಗಿಸುವ ಬ್ಲಾಕ್ ಹೀಟರ್ ಕೂಡ ಬೇಕು. ಮೈನಸ್ 15ಕ್ಕಿಂತ ಕೆಳಗೆ ಹೊರಡುವ ಎರಡು ಮೂರು ಗಂಟೆ ಮೊದಲು ಕರೆಂಟು ಬರುವಂತೆ ಟೈಮರ್ ಇಡುತ್ತೇನೆ. ಇಲ್ಲಿ ಕಾರಿನ ಮುಂದಿನ ಜಾಲರಿಯಿಂದ ಪ್ಲಗ್ಗು ಇಳಿಬಿದ್ದಿರುವುದು ಸಾಮಾನ್ಯ ದೃಶ್ಯ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಮರಳಿನ ಚೀಲ ಇರುತ್ತವೆ. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಓಡಿಸಬೇಕಾದರೆ ಮೊದಲು ಹೊಗೆಕೊಳವೆಯ ಬಾಯಿಯ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ವಿಷದ ಅನಿಲ ಕಾರಿನೊಳಗೆ ಬರುತ್ತದೆ.

ಐದು ಚಳಿಗಾಲಗಳಲ್ಲಿ ಸುಮಾರು 35,000 ಕಿಲೋಮೀಟರ್ ಓಡಿದೆ. 8.5 ಮಿಲಿಮೀಟರ್ ಇದ್ದ ಗೀರುಗಳ ಆಳ ಈ ಏಪ್ರಿಲ್‌ನಲ್ಲಿ ಅಳೆದಾಗ 5 ಇತ್ತು. 4ಕ್ಕೆ ಇಳಿದರೆ ಹಿಮದ ಮೇಲಿನ ಹಿಡಿತ ನೆಚ್ಚುವಂತಿರುವುದಿಲ್ಲ, ಜೊತೆಗೆ ರಬ್ಬರಿಗೂ ವಯಸ್ಸಾಗಿದೆ. ಇನ್ನೊಂದು ಚಳಿಗಾಲ ಎಳೆಯುವ ಆಸೆ ನನಗಿತ್ತು. ಮಗಳನ್ನು ಶಾಲೆಗೆ ಬಿಡುವುದು ಇದೇ ಕಾರಿನಲ್ಲಿ. ಅಕ್ಟೋಬರ್‌ಗೆ ಹೊಸ ನಾಲ್ಕು ಟೈರುಗಳಿಗೆ ಹೇಳಿಟ್ಟಿದ್ದೇನೆ.